ಕ್ಲಿಪ್ಪು, ಕಲೆ ಮತ್ತು ಬಿಳೀ ಪೇಸ್ಟು

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಬಚ್ಚಲದ ಗೂಡಿನಲ್ಲಿ ಇಟ್ಟಿದ್ದ ನನ್ನ ಪೇಸ್ಟನ್ನು ತಮ್ಮ ಎತ್ತಿಕೊಂಡು, ಅದರ ಮೇಲಿನ ಬರಹವನ್ನು ಕನ್ನಡ ಶಾಲೆ ಹುಡುಗರು ಪಾಠ ಓದೋ ಹಾಗೆ ಜೋರಾಗಿ ಓದಿದ. ಆಮೇಲೆ ನನ್ನ ಕಡೆ ತಿರುಗಿ, "ಒಂದ್ ವಾರದಾಗ ಬೆಳ್ಳಗ ಅಂತ ಬರದಾರಲೋ ಅಣ್ಣಾ, ನೀ ತಿಕ್ಕಾಕತ್ತು ಎಷ್ಟ್ ವರ್ಷ ಆತು?" ಅಂದ. ಅವ್ವ ಒಲೆ ಮುಂದೆ ಕೂತಲ್ಲೇ ನಕ್ಕಳು. ನಾನೂ ನಕ್ಕೆ, ಎಂದಿನ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು.

ಊರು ಅಂದರೆ ಹಿಪ್ಪರಗಿ. ಹೀಗಂದ ಕೂಡಲೇ ಬೆಂಗಳೂರಲ್ಲಿ "ದೇವರ ಹಿಪ್ಪರಗಿನಾ?" ಅಂತ ಕೇಳ್ತಾರೆ. ಅದಲ್ಲ, ಅದು ವಿಜಯಪುರ ಜಿಲ್ಲೆ. ನಮ್ಮದು ಕೃಷ್ಣಾ ದಂಡೆಯ ಹಿಪ್ಪರಗಿ, ಬ್ಯಾರೇಜ್ ಇರೋ ಊರು. ಮೊದಲು ಜಮಖಂಡಿ ತಾಲೂಕು, ಈಗ ರಬಕವಿ-ಬನಹಟ್ಟಿ. ಸುತ್ತ ಕಬ್ಬು, ಪಕ್ಕದ ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ಹಲ್ಲಿನ ವಿಷಯ ಬರೆಯೋಕೆ ಇದಕ್ಕಿಂತ ಯೋಗ್ಯವಾದ ಊರು ಇನ್ನೊಂದಿಲ್ಲ ಬಿಡಿ :)

ನನ್ನ ಹಲ್ಲಿಗೆ ಎರಡು ರೋಗ. ಒಂದು, ಮುಂದಿನ ನಾಲ್ಕು ಹಲ್ಲು ಬಸ್ಸಿನಲ್ಲಿ ಸೀಟಿಗಾಗಿ ನುಗ್ಗುವವರ ಹಾಗೆ ಒಂದರ ಮೇಲೊಂದು ಹತ್ತಿ ಕೂತಿವೆ. ಎರಡು, ಅವುಗಳ ಮೇಲೆ ಚಹಾದ ಬಣ್ಣದ ಅಡ್ಡ ಪಟ್ಟಿಗಳಿವೆ. ಮೊದಲನೆಯದಕ್ಕೆ ಇಪ್ಪತ್ತೇಳು ವರ್ಷ ಆದ ಮೇಲೆ ಧೈರ್ಯ ಮಾಡಿ ಬೆಂಗಳೂರಿನಲ್ಲಿ ಕ್ಲಿಪ್ ಹಾಕಿಸಿಕೊಂಡೆ. (ಆಫೀಸಿನಲ್ಲಿ ಒಂದು ತಿಂಗಳು ಎಲ್ಲರೂ ನನ್ನ ಬಾಯಿ ನೋಡಿಯೇ ಮಾತಾಡಿದರು.) ಎರಡನೆಯದಕ್ಕೆ ಈ ಬಿಳೀ ಮಾಡೋ ಪೇಸ್ಟು. ಎರಡೂ ಕೆಲಸ ಒಟ್ಟಿಗೆ ಮುಗಿದುಹೋಗಲಿ ಅನ್ನೋದು ನನ್ನ ಲೆಕ್ಕ. ಪ್ರಾಜೆಕ್ಟ್ ಪ್ಲಾನಿನಲ್ಲಿ ಎರಡು ಟಾಸ್ಕ್ ಪ್ಯಾರಲಲ್ ಆಗಿ ಹಾಕ್ತೀವಲ್ಲ, ಹಾಗೆ.

ನಾಲ್ಕು ತಿಂಗಳಾದ ಮೇಲೆ ತಣ್ಣೀರು ಬಾಯಿಗೆ ಹಾಕಿದರೆ ಜುಂ ಅನ್ನೋಕೆ ಶುರುವಾಯ್ತು. ಒಂದು ಕ್ಲಿಪ್ಪಿನ ತುಂಡು ಕಿತ್ತು ಕೈಗೆ ಬಂತು. ಡಾಕ್ಟ್ರು ನೋಡಿ, ಯಾವ ಪೇಸ್ಟು, ಎಂಥ ಬ್ರಷ್ಷು, ಎಷ್ಟು ಹೊತ್ತು ಉಜ್ತೀರಿ ಅಂತೆಲ್ಲ ಕೇಳಿದರು. ಹೇಳಿದೆ. ಬೈಯಲಿಲ್ಲ. ಆದರೆ ಆಮೇಲೆ ಕೇಳಿದ ಪ್ರಶ್ನೆ ಮಾತ್ರ ನನಗೆ ಅರ್ಥವೇ ಆಗಲಿಲ್ಲ. "ನೀವು ಆರು ವರ್ಷದವರೆಗೆ ಯಾವ ಊರಿನ ನೀರು ಕುಡಿದ್ರಿ?"

ಆ ಪ್ರಶ್ನೆಯ ಹಿಂದೆ ಬಿದ್ದು ಮೂರ್ನಾಲ್ಕು ವಾರ ಓದಿದೆ. ಓದಿದ್ದನ್ನು ಇಲ್ಲಿ ಹಾಕ್ತಾ ಇದ್ದೀನಿ. ಸ್ವಲ್ಪ ಉದ್ದ ಆಗಿದೆ, ಚಹಾ ಹಿಡ್ಕೊಂಡು ಕೂತ್ಕೊಳ್ಳಿ.

*

ಮೊದಲು ಉಜ್ಜೋ ವಿಷಯ.

ನಾನು ಆರು ವರ್ಷದವರೆಗೆ ಬೆಳೆದದ್ದು ಹುನಗುಂದದ ಕಡೆ, ಅವ್ವನ ತವರಿನಲ್ಲಿ. ತಮ್ಮ ಹುಟ್ಟಿದಾಗ ಅವ್ವನಿಗೆ ಆರಾಮ ಇರಲಿಲ್ಲ, ನನ್ನನ್ನು ಆಯಿ ಹತ್ತಿರ ಬಿಟ್ಟಿದ್ದರು. ಆಯಿ ಮನೆಯಲ್ಲಿ ಪೇಸ್ಟು ಅನ್ನೋದು ಬೆಂಗಳೂರಿಂದ ಬಂದ ನೆಂಟರ ಚೀಲದಲ್ಲಿ ಮಾತ್ರ ಕಾಣ್ತಿತ್ತು. ಮಾಮಾ ಬೇವಿನ ಕಡ್ಡಿ ಕಡೀತಿದ್ದ. ನಮಗೆ ಒಲೆಯ ಬೂದಿ ಇಲ್ಲವೇ ಇದ್ದಿಲು. ಹಬ್ಬ ಹತ್ತಿರ ಬಂದರೆ, "ಹಲ್ಲ ಕೆಂಪ್ ಆಗ್ಯಾವ" ಅಂತ ಆಯಿ ಇಟ್ಟಂಗಿ ಪುಡಿ ಮಾಡಿ ಬಟ್ಟೆಯಲ್ಲಿ ಸೋಸಿ ತಾನೇ ಬೆರಳು ಹಾಕಿ ತಿಕ್ಕುತ್ತಿದ್ದಳು. ಹಿತ್ತಾಳೆ ಚರಿಗೆ ತಿಕ್ಕಿದ ಹಾಗೆ.

ಕಡ್ಡಿಯ ಪದ್ಧತಿ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ದಪ್ಪ ಇರಬೇಕು ಅಂತ ಅಳತೆ ಸಮೇತ ಇದೆ. ಬೂದಿಯ ಕತೆಯೂ ಹಾಗೇ. ಭತ್ತ ಬೆಳೆಯೋ ಕರಾವಳಿ, ಕಾಸರಗೋಡಿನ ಕಡೆ ಹೊಟ್ಟು ಸುಟ್ಟ ಉಮಿಕರಿ. ನಿಮ್ಮಲ್ಲಿ ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ತುಂಬಾ ಇರುತ್ತೆ. ಇವತ್ತಿನ ಟೂತ್‌ಪೇಸ್ಟಿನಲ್ಲಿ ಉಜ್ಜುವ ಕೆಲಸ ಮಾಡೋದೂ ಬಹುತೇಕ ಸಿಲಿಕಾನೇ, ಕಾರ್ಖಾನೆಯಲ್ಲಿ ಒಂದೇ ಸಮ ನುಣ್ಣಗೆ ಮಾಡಿದ್ದು ಅಷ್ಟೇ ವ್ಯತ್ಯಾಸ. ಆಮೇಲೆ ಬಂದವು ಪುಡಿಗಳು. ಮೈಸೂರು ಕಡೆ 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ. ನಮ್ಮ ಕಡೆ ಮುಂಬೈಯಿಂದ ಬರುತ್ತಿದ್ದ, ಡಬ್ಬಿ ಮೇಲೆ ಮಂಗ್ಯಾನ ಚಿತ್ರ ಇರೋ ಕರೀ ಪುಡಿ. ಕಾಲ್ಗೇಟ್ ಕಂಪನಿ ಭಾರತದಲ್ಲಿ ನೋಂದಣಿ ಆಗಿದ್ದು 1937ರಲ್ಲಿ. ಆದರೆ ನಮ್ಮ ಆಯಿ ಮನೆ ಬಚ್ಚಲದವರೆಗೆ ಅದು ಬರೋಕೆ ಇನ್ನೂ ಅರವತ್ತು-ಎಪ್ಪತ್ತು ವರ್ಷ ಬೇಕಾಯ್ತು.

ಆಯಿ ಮಾತ್ರ ಇದ್ಯಾವುದನ್ನೂ ಹಚ್ಚುತ್ತಿರಲಿಲ್ಲ. ಆಕೆಯದು ಮಿಶ್ರಿ. ತಂಬಾಕನ್ನು ತವೆಯ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ್ದು. ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮ ಜಿಲ್ಲೆಗಳ ಹೆಣ್ಣುಮಕ್ಕಳಿಗೆ ಇದು ಗೊತ್ತು. ನಿಪ್ಪಾಣಿಯಂಥ ತಂಬಾಕಿನ ಪೇಟೆ ಇರುವಾಗ ಸಾಮಗ್ರಿಗೆ ಬರವಿಲ್ಲ. ಬೆಳಿಗ್ಗೆ ಒಮ್ಮೆ ಹಲ್ಲು ತಿಕ್ಕೋಕೆ ಅಂತ ಶುರುವಾಗೋದು, ಆಮೇಲೆ ದಿನಕ್ಕೆ ನಾಲ್ಕೈದು ಸಲ ಬೆರಳು ಬಾಯೊಳಗೆ ಹೋಗ್ತಾನೇ ಇರುತ್ತೆ. ತಂಬಾಕು ಬೆರೆಸಿದ ಹಲ್ಲುಪುಡಿ, ಪೇಸ್ಟುಗಳನ್ನು ಕೇಂದ್ರ ಸರಕಾರ 1992ರಲ್ಲಿ ನಿಷೇಧಿಸಿತು. ಆದರೆ ಮನೆಯ ತವೆಯ ಮೇಲೆ ಹುರಿಯೋದನ್ನು ಯಾವ ಕಾನೂನು ನಿಲ್ಲಿಸುತ್ತೆ? ಆಯಿಯ ಹಲ್ಲು ಐವತ್ತರೊಳಗೆ ಅರ್ಧ ಉದುರಿದ್ದವು. ಉಳಿದವು ಕರ್ರಗಿದ್ದವು. ಆಕೆಗೆ ಅದರ ಬಗ್ಗೆ ನಾಚಿಕೆ ಏನೂ ಇರಲಿಲ್ಲ.

ಯಾಕಿರಬೇಕು? ಹಲ್ಲು ಬೆಳ್ಳಗೇ ಇರಬೇಕು ಅನ್ನೋದು ಎಲ್ಲ ಕಾಲಕ್ಕೂ ಎಲ್ಲರೂ ಒಪ್ಪಿದ ಮಾತೇನಲ್ಲ. ನಮ್ಮ ಕವಿಗಳು ಮಲ್ಲಿಗೆ ಮೊಗ್ಗು, ದಾಳಿಂಬೆ ಬೀಜ ಅಂತ ಹೊಗಳಿದ್ದು ನಿಜ. ಅದೇ ಹೊತ್ತಿಗೆ ದಖ್ಖನ್ನಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಮಿಸ್ಸಿ ಹಚ್ಚಿ ಹಲ್ಲು ಕಪ್ಪು ಮಾಡಿಕೊಳ್ಳೋದೇ ಅಲಂಕಾರವಾಗಿತ್ತು. ಜಪಾನಿನಲ್ಲಂತೂ ದೊಡ್ಡ ಮನೆತನದವರು ಕಬ್ಬಿಣದ ದ್ರಾವಣದಿಂದ ಹಲ್ಲು ಕಪ್ಪಾಗಿಸಿಕೊಳ್ಳುತ್ತಿದ್ದರು. 1870ರಲ್ಲಿ ಸರಕಾರ ಅಲ್ಲಿನ ಶ್ರೀಮಂತ ವರ್ಗಕ್ಕೆ ಅದನ್ನು ನಿಷೇಧಿಸಿತು. 1873ರಲ್ಲಿ ಮಹಾರಾಣಿಯೇ ಬಿಳೀ ಹಲ್ಲಿನಲ್ಲಿ ಕಾಣಿಸಿಕೊಂಡಳು, ಫ್ಯಾಶನ್ ತಿರುಗಿತು. ಇನ್ನು ಬಿಳುಪಿನ ಹುಚ್ಚು ಎಲ್ಲಿಗೆ ಹೋಯ್ತು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಜರ್ಮನಿಯಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಡೋರಾಮಾಡ್ ಅನ್ನೋ ಪೇಸ್ಟಿನಲ್ಲಿ ಥೋರಿಯಂ ಹಾಕಿ, ವಿಕಿರಣದಿಂದ ಹಲ್ಲು ಫಳಫಳ ಅನ್ನುತ್ತೆ ಅಂತ ಮಾರುತ್ತಿದ್ದರು!

ಈಗಿನ ಬಿಳೀ ಮಾಡೋ ಪೇಸ್ಟಿನಲ್ಲಿ ಇರೋದೇನು? ಹೆಚ್ಚಿನವುಗಳಲ್ಲಿ ಮುಖ್ಯವಾಗಿ ಉಜ್ಜುವ ಪುಡಿಯೇ. ಯಾವ ಪೇಸ್ಟು ಹಲ್ಲಿನ ಒಳಪದರವನ್ನು ಎಷ್ಟು ಸವೆಸುತ್ತೆ ಅಂತ ಅಳೆಯೋಕೆ ಆರ್‌ಡಿಎ ಅನ್ನೋ ಒಂದು ಮಾಪನ ಇದೆ, 250ನ್ನು ಮೀರಬಾರದು ಅಂತ ಅಂತರರಾಷ್ಟ್ರೀಯ ಮಾನದಂಡ. ಸಾಮಾನ್ಯ ಪೇಸ್ಟಿಗಿಂತ ಬಿಳೀ ಮಾಡೋ ಪೇಸ್ಟುಗಳ ಸಂಖ್ಯೆ ಸಾಮಾನ್ಯವಾಗಿ ಮೇಲಿರುತ್ತೆ. ಚಹಾ, ಎಲೆ-ಅಡಿಕೆ, ತಂಬಾಕಿನಿಂದ ಮೇಲೆ ಕೂತ ಕಲೆಯನ್ನು ಇವು ಒಂದಷ್ಟು ತೆಗೆಯುತ್ತವೆ, ಸುಳ್ಳಲ್ಲ. ಕೆಲವುದರಲ್ಲಿ ನೀಲಿ ಬಣ್ಣ ಇರುತ್ತೆ. ಬಿಳಿ ಅಂಗಿಗೆ ನೀಲಿ ಹಾಕಿದರೆ ಹಳದಿ ಮರೆಯಾಗಿ ಬೆಳ್ಳಗೆ ಕಾಣುತ್ತಲ್ಲ, ಅದೇ ಉಪಾಯ. ಇದು ಗೊತ್ತಾದಾಗ ನಾನು ಒಬ್ಬನೇ ಕೂತು ನಕ್ಕೆ. ಈಚೆಗೆ ಇದ್ದಿಲೂ ವಾಪಸ್ ಬಂದಿದೆ, ಕರೀ ಪೇಸ್ಟಿನ ರೂಪದಲ್ಲಿ, ಆಯಿಯ ಒಲೆಯಿಂದ ನೇರವಾಗಿ ಮಾಲಿಗೆ. ಅದರಿಂದ ಹೇಳಿಕೊಳ್ಳುವಷ್ಟು ಲಾಭ ಅಥವಾ ಸುರಕ್ಷತೆ ಇದೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಒಂದು ಪರಿಶೀಲನೆ ಬಂತು.

*

ಇನ್ನು ಕ್ಲಿಪ್ಪಿನ ಕತೆ. ಇಲ್ಲಿ ನನ್ನೊಳಗಿನ ಎಂಜಿನಿಯರ್ ಎದ್ದು ಕೂತುಬಿಡ್ತಾನೆ, ಕ್ಷಮಿಸಿ. ಓದಿದ್ದು ಮೆಕ್ಯಾನಿಕಲ್, ಮಾಡೋದು ಸಾಫ್ಟ್‌ವೇರು. ಓದಿದ್ದು ನಾಲ್ಕು ವರ್ಷ ವ್ಯರ್ಥ ಅಂದುಕೊಂಡಿದ್ದೆ, ಅದು ನನ್ನ ಬಾಯಲ್ಲೇ ಕೆಲಸ ಮಾಡ್ತಾ ಇದೆ.

1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ದಂತವೈದ್ಯದ ಮೇಲೆ ಒಂದು ದೊಡ್ಡ ಪುಸ್ತಕ ಬರೆದ. ಅದರಲ್ಲಿ ಕುದುರೆ ಲಾಳದ ಆಕಾರದ ಲೋಹದ ಪಟ್ಟಿಗೆ ದಾರದಿಂದ ಹಲ್ಲು ಕಟ್ಟಿ ಎಳೆಯೋ ವಿಧಾನ ಇದೆ. ಅಲ್ಲಿಂದ 1899ಕ್ಕೆ ಹಾರಿದರೆ ಅಮೆರಿಕದ ಎಡ್ವರ್ಡ್ ಆಂಗಲ್. ವಕ್ರದಂತಗಳನ್ನು ಮೂರು ವರ್ಗ ಮಾಡಿದ. ಆ ವರ್ಗೀಕರಣ ಇವತ್ತಿಗೂ ನನ್ನ ಫೈಲಿನ ಮೇಲೆ ಇದೆ ("ಕ್ಲಾಸ್ ಒನ್" ಅಂತೆ. ಕೊನೆಗೂ ಫಸ್ಟ್ ಕ್ಲಾಸ್ ಬಂತು ನೋಡಿ). 1928ರಲ್ಲಿ ಅವನೇ ಮಾಡಿದ ಚೌಕ ಗಾಡಿಯ ಕ್ಲಿಪ್ಪಿನ ಮೊಮ್ಮಕ್ಕಳೇ ಈಗ ನಮ್ಮ ಬಾಯಲ್ಲಿರೋವು.

ಆದರೆ ಆಗ ಕ್ಲಿಪ್ಪನ್ನು ಹಲ್ಲಿಗೆ ಅಂಟಿಸುವುದು ಗೊತ್ತಿರಲಿಲ್ಲ. ಪ್ರತಿ ಹಲ್ಲಿಗೂ ಲೋಹದ ಬಳೆ ತೊಡಿಸಿ, ಅದರ ಮೇಲೆ ಕ್ಲಿಪ್ ಬೆಸೆಯಬೇಕಿತ್ತು. ಬಾಯಿ ತುಂಬ ಲೋಹ. ಇದನ್ನು ಬದಲಾಯಿಸಿದವರು ಅಮೆರಿಕದ ರೋಚೆಸ್ಟರ್‌ನ ಮೈಕಲ್ ಬ್ಯುವೊನೊಕೋರ್. ಕಾರ್ಖಾನೆಗಳಲ್ಲಿ ಬಣ್ಣ ಗಟ್ಟಿಯಾಗಿ ಕೂರಲಿ ಅಂತ ಲೋಹಕ್ಕೆ ಫಾಸ್ಫಾರಿಕ್ ಆ್ಯಸಿಡ್ ಹಚ್ಚುತ್ತಿದ್ದರು. ಅದನ್ನೇ ಹಲ್ಲಿಗೆ ಯಾಕೆ ಮಾಡಬಾರದು ಅಂತ 1955ರಲ್ಲಿ ಮಾಡಿ ತೋರಿಸಿದರು. ನುಣುಪು ಗೋಡೆಗೆ ಗಿಲಾವು ಮಾಡೋ ಮುಂಚೆ ನಮ್ಮ ಗೌಂಡಿಗಳು ಅದನ್ನು ಕಚ್ಚುಕಚ್ಚಾಗಿ ಕೆತ್ತಿಕೊಳ್ತಾರಲ್ಲ, ಅದೇ ತತ್ವ. ಆ್ಯಸಿಡ್ಡು ಎನಾಮಲ್ಲಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗುಳಿ ಮಾಡುತ್ತೆ, ಅಂಟು ಅದರೊಳಗೆ ಇಳಿದು ಗಟ್ಟಿಯಾಗುತ್ತೆ. ಹತ್ತು ವರ್ಷದ ಮೇಲೆ, 1965ರಲ್ಲಿ, ಜಾರ್ಜ್ ನ್ಯೂಮನ್ ಈ ರೀತಿಯಲ್ಲಿ ಕ್ಲಿಪ್ಪನ್ನು ನೇರವಾಗಿ ಹಲ್ಲಿಗೆ ಅಂಟಿಸುವುದರ ಬಗ್ಗೆ ಬರೆದರು.

ತಂತಿಯ ಕತೆ ಇನ್ನೂ ಚೆಂದ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಕ್ಷಿಪಣಿಯ ಮೂತಿಗೆ ಅಂತ ನಿಕಲ್-ಟೈಟಾನಿಯಂ ಮಿಶ್ರಲೋಹ ಹುಡುಕುತ್ತಿದ್ದರು. ಅದು ಬಗ್ಗಿಸಿದರೂ ಬಿಸಿ ತಾಗಿದಾಗ ತನ್ನ ಮೊದಲ ಆಕಾರ ನೆನಪು ಮಾಡಿಕೊಂಡು ವಾಪಸ್ ಬರುತ್ತಿತ್ತು. ನಿಟಿನಾಲ್ ಅನ್ನೋ ಹೆಸರಿನಲ್ಲೇ ಆ ಲೋಹಗಳ ಮತ್ತು ಪ್ರಯೋಗಾಲಯದ ಮೊದಲ ಅಕ್ಷರಗಳಿವೆ. 1970ರ ದಶಕದ ಶುರುವಿನಲ್ಲಿ ಅಯೋವಾ ವಿಶ್ವವಿದ್ಯಾಲಯದ ಜಾರ್ಜ್ ಆಂಡ್ರಿಯಾಸೆನ್ ಅದನ್ನು ಹಲ್ಲಿನ ತಂತಿಗೆ ತಂದರು. ಕಾಲೇಜಿನ ಲ್ಯಾಬಿನಲ್ಲಿ ಬಿಸಿನೀರಿನಲ್ಲಿ ಅದ್ದಿ ಚಪ್ಪಾಳೆ ತಟ್ಟಿದ್ದ ತಂತಿ, ಈಗ ನನ್ನ ಮುಂದಿನ ನಾಲ್ಕು ಹಲ್ಲುಗಳನ್ನು ಸಾಲಿಗೆ ನಿಲ್ಲಿಸ್ತಾ ಇದೆ.

ಈಗ ಇವೆರಡೂ ಒಂದೇ ಬಾಯಲ್ಲಿ ಸೇರಿದರೆ ಏನಾಗುತ್ತೆ? ಉಜ್ಜೋ ಪೇಸ್ಟು ಕ್ಲಿಪ್ಪಿನ ಕೆಳಗೆ ಹೋಗಲ್ಲ. ಹೊರಗೆ ಕಂಡ ಜಾಗವನ್ನಷ್ಟೇ ಉಜ್ಜಬೇಕು. ಆದ್ದರಿಂದ ಬಿಳೀ ಮಾಡೋ ಕೆಲಸ ಕ್ಲಿಪ್ ತೆಗೆದ ಮೇಲೆ ಇಟ್ಟುಕೊಳ್ಳಿ ಅಂತ ಡಾಕ್ಟರುಗಳು ಹೇಳೋದು. ಕ್ಲಿಪ್ಪಿಗೆ ತಂತಿ ಹಿಡಿಯೋ ಸಣ್ಣ ರಬ್ಬರ್ ಉಂಗುರಗಳು ಇರ್ತವೆ, ಅವನ್ನಂತೂ ಯಾವ ಪೇಸ್ಟೂ ಬೆಳ್ಳಗೆ ಮಾಡಲ್ಲ. ಊರಿಗೆ ಹೋಗಿ ಒಂದು ಹೊತ್ತು ಜುಣಕ ತಿಂದರೆ ಸಾಕು, ಅರಿಶಿಣಕ್ಕೆ ಇಪ್ಪತ್ತೂ ಉಂಗುರ ಹಳದಿ. ಮುಂದಿನ ತಿಂಗಳು ಡಾಕ್ಟ್ರು ಬದಲಾಯಿಸೋವರೆಗೆ ಆಫೀಸಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. (ಕಟಕ ರೊಟ್ಟಿ, ಕಬ್ಬು, ಅಮೀನಗಡದ ಕರದಂಟು, ಮೂರೂ ಬಂದ್. ಈ ದುಃಖದ ಬಗ್ಗೆ ಬೇರೆಯೇ ಬರೆಯಬೇಕು.)

ಬಣ್ಣಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಕ್ಲಿಪ್ಪಿನ ಸುತ್ತ ಅನ್ನದ ಅಗುಳು, ಸಕ್ಕರೆ ಕೂತು, ಆಮ್ಲ ಹುಟ್ಟಿ, ಎನಾಮಲ್ಲಿನ ಖನಿಜ ಕರಗಿ ಸುಣ್ಣದ ಚುಕ್ಕೆಯಂಥ ಬಿಳೀ ಕಲೆ ಬೀಳುತ್ತೆ. 1982ರಲ್ಲಿ ಗೊರೆಲಿಕ್ ಮತ್ತು ಜೊತೆಗಾರರು ನೋಡಿದಾಗ ಕ್ಲಿಪ್ ಹಾಕಿಸಿಕೊಂಡವರಲ್ಲಿ ಸುಮಾರು ಅರ್ಧ ಜನರಿಗೆ ಇಂಥ ಕಲೆ ಇತ್ತು. ನಾಲ್ಕೇ ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಬೀಳಬಹುದು ಅಂತ 1988ರಲ್ಲಿ ನಾರ್ವೆಯ ಓಗಾರ್ಡ್ ತಂಡ ತೋರಿಸಿತು. ಬಿಳುಪಿಗಾಗಿ ಹೊರಟವನಿಗೆ ಬಿಳಿಯೇ ಕಲೆಯಾಗಿ ಸಿಗೋದು! ಇದನ್ನು ತಡೆಯೋದು ಉಜ್ಜುವ ಪುಡಿಯಲ್ಲ, ಪೇಸ್ಟಿನಲ್ಲಿರೋ ಫ್ಲೋರೈಡು. ಇದ್ದಿಲಿನ ಪೇಸ್ಟುಗಳಲ್ಲಿ ಎಷ್ಟೋ ಸಲ ಅದೇ ಇರಲ್ಲ. ಫ್ಲೋರೈಡ್ ಅನ್ನೋ ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಹಾಗಂತ ಹಲ್ಲು ಬೆಳ್ಳಗಾಗೋ ವಿದ್ಯೆಗೂ ಕ್ಲಿಪ್ಪಿಗೂ ಬರೀ ವೈರ ಅಂದುಕೊಳ್ಳಬೇಡಿ. ಮನೆಯಲ್ಲೇ ಹಲ್ಲು ಬ್ಲೀಚ್ ಮಾಡಿಕೊಳ್ಳೋ ಪದ್ಧತಿಯನ್ನು ಕಂಡುಹಿಡಿದವರೇ ಕ್ಲಿಪ್ ಹಾಕೋ ಡಾಕ್ಟ್ರು, ಅದೂ ಆಕಸ್ಮಿಕವಾಗಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದ ಫೋರ್ಟ್ ಸ್ಮಿತ್ ಊರಿನಲ್ಲಿ ಬಿಲ್ ಕ್ಲುಸ್ಮಿಯರ್ ಅಂತ ಒಬ್ಬರು ವಕ್ರದಂತ ತಜ್ಞರಿದ್ದರು. ರೋಗಿಗಳ ಒಸಡು ಬಾತಿದ್ದಕ್ಕೆ, ರಾತ್ರಿ ಹಾಕಿಕೊಳ್ಳೋ ರಬ್ಬರಿನ ಅಚ್ಚಿನೊಳಗೆ ಗ್ಲೈ-ಆಕ್ಸೈಡ್ ಅನ್ನೋ ನಂಜುನಿರೋಧಕ ಹಾಕಿಕೊಂಡು ಮಲಗಿ ಅಂದರು. ಅದರಲ್ಲಿ 10 ಶೇಕಡಾ ಕಾರ್ಬಮೈಡ್ ಪೆರಾಕ್ಸೈಡ್. ಒಸಡೂ ವಾಸಿಯಾಯ್ತು, ಹಲ್ಲೂ ಬೆಳ್ಳಗಾಗಿತ್ತು! ಅವರು ಗೆಳೆಯ ವೈದ್ಯರಿಗೆ ಹೇಳಿದರು, ಬಾಯಿಂದ ಬಾಯಿಗೆ ಹರಡಿತು, ಅಷ್ಟೇ. ಅಧ್ಯಯನ ಮಾಡಿ ವಿಧಾನವನ್ನು ಬರೆದು ಪ್ರಕಟಿಸಿದ್ದು ಇಪ್ಪತ್ತು ವರ್ಷದ ಮೇಲೆ, 1989ರಲ್ಲಿ, ಹೇವುಡ್ ಮತ್ತು ಹೇಮನ್ ಅನ್ನೋ ಇಬ್ಬರು. ನಮ್ಮ ಕಡೆಯ ನಾಟಿ ವೈದ್ಯರನ್ನು "ಬರೆದಿಡಲಿಲ್ಲ" ಅಂತ ಬೈತೀವಲ್ಲ, ಅಮೆರಿಕದಲ್ಲೂ ಹಂಗೇ ನೋಡಿ.

ಪೆರಾಕ್ಸೈಡು ಉಜ್ಜೋದಿಲ್ಲ, ಎನಾಮಲ್ಲಿನೊಳಗೆ ಇಳಿದು ಬಣ್ಣದ ಕಣಗಳನ್ನೇ ಒಡೆಯುತ್ತೆ. ಆದರೆ ಕ್ಲಿಪ್ ಇರೋವಾಗ ಅಚ್ಚು ಕೂರಲ್ಲ. ಆದ್ದರಿಂದ ಅದೂ ಕ್ಲಿಪ್ ತೆಗೆದ ಮೇಲೆಯೇ.

*

ಇಷ್ಟೆಲ್ಲ ಓದಿದ ಮೇಲೂ ಡಾಕ್ಟ್ರ ಪ್ರಶ್ನೆ ಉಳಿದೇ ಇತ್ತು. ಯಾವ ಊರಿನ ನೀರು?

ಇದಕ್ಕೆ ಉತ್ತರ 1901ರಲ್ಲಿ ಶುರುವಾಗುತ್ತೆ. ಆಗಷ್ಟೇ ಓದು ಮುಗಿಸಿದ ಫ್ರೆಡರಿಕ್ ಮೆಕೇ ಅನ್ನೋ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸಿಗೆ ಬಂದ. ಊರಿನಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ. ತಿಕ್ಕಿದರೆ ಹೋಗಲ್ಲ. ಯಾವ ಪುಸ್ತಕದಲ್ಲೂ ಇಲ್ಲ. ಹಂದಿಮಾಂಸ ಹೆಚ್ಚು ತಿಂದದ್ದಕ್ಕೆ, ಕೆಟ್ಟ ಹಾಲಿಗೆ ಅಂತ ಜನ ಏನೇನೋ ಕಾರಣ ಹೇಳುತ್ತಿದ್ದರು. ಆಗಿನ ಕಾಲದ ಬಹಳ ದೊಡ್ಡ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ 1909ರಲ್ಲಿ ಅಲ್ಲಿಗೇ ಬಂದು ನೋಡಿದರು. ಇಬ್ಬರೂ ಸೇರಿ ಎರಡು ವಿಷಯ ಕಂಡುಕೊಂಡರು. ಹಲ್ಲು ಬೆಳೆದು ಗಟ್ಟಿಯಾದ ಮೇಲೆ ಆ ಊರಿಗೆ ಬಂದವರಿಗೆ ಕಲೆ ಬರಲ್ಲ, ಹಲ್ಲು ದವಡೆಯೊಳಗೆ ರೂಪುಗೊಳ್ಳೋ ವಯಸ್ಸಿನ ಮಕ್ಕಳಿಗೆ ಮಾತ್ರ ಬರುತ್ತೆ. ಮತ್ತೆ, ಕಲೆ ಇರೋ ಹಲ್ಲು ವಿಚಿತ್ರವಾಗಿ ಹುಳುಕಿಗೆ ಸೋಲಲ್ಲ.

ಆಮೇಲೆ 1923ರಲ್ಲಿ ಐಡಾಹೋದ ಓಕ್ಲಿ ಊರು. ಹೊಸ ಬುಗ್ಗೆಯಿಂದ ಊರಿಗೆ ಪೈಪು ಹಾಕಿದ ಮೇಲೆ ಮಕ್ಕಳ ಹಲ್ಲು ಕೆಟ್ಟವು ಅಂತ ತಾಯಂದಿರು ಹೇಳಿದರು. ಮೆಕೇಗೆ ನೀರಿನಲ್ಲಿ ಏನೂ ಸಿಗಲಿಲ್ಲ. ಆದರೂ ಆ ಪೈಪು ಬಿಡಿ, ಬೇರೆ ಬುಗ್ಗೆಯ ನೀರು ತನ್ನಿ ಅಂದ. ಊರವರು ಕೇಳಿದರು. ಕೆಲವೇ ವರ್ಷದಲ್ಲಿ ಚಿಕ್ಕ ಮಕ್ಕಳ ಹೊಸ ಹಲ್ಲು ಕಲೆ ಇಲ್ಲದೆ ಬಂದವು. ಕಾರಣ ಗೊತ್ತಿಲ್ಲದೆಯೇ ಸರಿಯಾದ ಫಿಕ್ಸು! ನಮ್ಮ ಕೆಲಸದಲ್ಲೂ ಹೀಗಾಗುತ್ತೆ, ಆದರೆ ಯಾವತ್ತೂ ಇಷ್ಟು ಜನರಿಗೆ ಉಪಕಾರ ಆಗಿಲ್ಲ.

ಕಾರಣ ಸಿಕ್ಕಿದ್ದು ಬಾಕ್ಸೈಟ್ ಅನ್ನೋ ಊರಿನಿಂದ. ಅಲ್ಯೂಮಿನಿಯಂ ಕಂಪನಿಯೊಂದರ ಗಣಿ ಊರು, ಅದೂ ಆರ್ಕನ್ಸಾದಲ್ಲೇ. (ಕ್ಲುಸ್ಮಿಯರ್ ಇದ್ದ ಅದೇ ರಾಜ್ಯ. ಹಲ್ಲಿನ ಇತಿಹಾಸದಲ್ಲಿ ಆರ್ಕನ್ಸಾಗೆ ಒಂದು ಗುಡಿ ಕಟ್ಟಿಸಬೇಕು.) ಅಲ್ಯೂಮಿನಿಯಂ ಪಾತ್ರೆಯ ಬಗ್ಗೆ ಆಗ ಕೆಟ್ಟ ಸುದ್ದಿ ಹಬ್ಬಿತ್ತು. ತಮ್ಮ ಊರಿನಲ್ಲೇ ಮಕ್ಕಳ ಹಲ್ಲು ಹೀಗೆ ಅಂದರೆ ಗತಿಯೇನು ಅಂತ ಹೆದರಿದ ಕಂಪನಿಯ ಮುಖ್ಯ ರಸಾಯನ ವಿಜ್ಞಾನಿ ಎಚ್. ವಿ. ಚರ್ಚಿಲ್, ನೀರನ್ನು ಮಾಮೂಲಿಗಿಂತ ಸೂಕ್ಷ್ಮವಾಗಿ ಪರೀಕ್ಷೆ ಮಾಡಿಸಿದ. 1931ರಲ್ಲಿ ಉತ್ತರ ಬಂತು. ಫ್ಲೋರೈಡ್, ಲೀಟರಿಗೆ 13.7 ಮಿಲಿಗ್ರಾಂ. ನಂಬದೆ ಇನ್ನೊಮ್ಮೆ ನೀರು ತರಿಸಿದ. ಅದೇ ಉತ್ತರ.

ಭಾರತದಲ್ಲಿ ಆರೇ ವರ್ಷದ ಮೇಲೆ, 1937ರಲ್ಲಿ, ಶಾರ್ಟ್ ಮತ್ತು ಜೊತೆಗಾರರು ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ವರದಿ ಮಾಡಿದರು. ಅಲ್ಲಿ ಹಲ್ಲಷ್ಟೇ ಅಲ್ಲ, ಮೂಳೆಗಳೂ ಹಿಡಿದುಕೊಂಡು ಬೆನ್ನು ಬಗ್ಗದಂತಾದವರಿದ್ದರು. ಇವತ್ತು ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲ ಅಂದರೆ 1.5ರವರೆಗೆ. ನಮ್ಮ ಬಾಗಲಕೋಟೆ ಜಿಲ್ಲೆಯ ಹುನಗುಂದ-ಇಳಕಲ್ ಕಡೆಯ ಎಷ್ಟೋ ಕೊಳವೆಬಾವಿಗಳು ಇದನ್ನು ದಾಟಿವೆ. ಇಳಕಲ್ ಗ್ರಾನೈಟ್ ಕಲ್ಲು ನೋಡಿ ಹೊಗಳ್ತೀವಿ. ಗ್ರಾನೈಟಿನಂಥ ಕಲ್ಲಿನಲ್ಲಿ ಫ್ಲೋರೈಡ್ ಖನಿಜ ಇರುತ್ತೆ, ಆಳದ ನೀರು ವರ್ಷಗಟ್ಟಲೆ ಅದರ ಸಂದಿಯಲ್ಲಿ ನಿಂತರೆ ಕರಗಿ ಬರುತ್ತೆ. ಬಾವಿ ಬತ್ತಿ ಬೋರು ಆಳಕ್ಕೆ ಹೋದಂತೆಲ್ಲ ಎಷ್ಟೋ ಕಡೆ ಅದು ಹೆಚ್ಚು.

ನಾನು ಆರು ವರ್ಷ ಕುಡಿದದ್ದು ಆಯಿಯ ಊರಿನ ಬೋರಿನ ನೀರು. ಅಲ್ಲಿ ನನ್ನ ಓರಗೆಯ ಎಲ್ಲರ ಹಲ್ಲೂ ಹೀಗೇ ಇದ್ದವು, ಆದ್ದರಿಂದ ಯಾರಿಗೂ ಅದು ಕಾಣಲಿಲ್ಲ. ಒಂದನೇ ಇಯತ್ತೆಗೆ ಹಿಪ್ಪರಗಿಗೆ ಬಂದ ಮೇಲೆ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ, "ತಂಬಾಕು ತಿಂತಾನಿವ" ಅಂತ ಹುಡುಗರು ಹೆಸರಿಟ್ಟರು. ತಮ್ಮ ಹುಟ್ಟಿದ್ದೂ ಬೆಳೆದದ್ದೂ ಹೊಳೆ ನೀರಿನಲ್ಲಿ. ಅವನ ಹಲ್ಲು ಜೋಳದ ತೆನೆಯ ಹಾಗೆ. ಒಂದೇ ತಾಯಿ, ಒಂದೇ ಮನೆ, ಒಂದೇ ಪೇಸ್ಟು. ಅವ್ವ ಮಾತ್ರ ಇಷ್ಟು ವರ್ಷ, "ಇವ ಸರಿ ತಿಕ್ಕೂದಿಲ್ಲ" ಅಂತಲೇ ಹೇಳ್ತಾ ಬಂದಳು. ನಾನೂ ನಂಬಿದ್ದೆ. ಆಯಿಯ ಇಟ್ಟಂಗಿ ಪುಡಿಯಿಂದ ಹಿಡಿದು ಮೊನ್ನಿನ ದುಬಾರಿ ಪೇಸ್ಟಿನವರೆಗೆ ಇಪ್ಪತ್ತೆರಡು ವರ್ಷ ತಿಕ್ಕಿದ್ದು, ತಿಕ್ಕಿದರೆ ಹೋಗದ ಕಲೆಯನ್ನು. ಅದು ಹಲ್ಲಿನ ಮೇಲೆ ಕೂತದ್ದಲ್ಲ, ಹಲ್ಲು ಕಟ್ಟುವಾಗಲೇ ಒಳಗೆ ಸೇರಿದ್ದು.

ವಿಚಿತ್ರ ಏನೆಂದರೆ, ನನ್ನ ಹಲ್ಲು ಕೆಡಿಸಿದ ಅದೇ ಫ್ಲೋರೈಡನ್ನೇ ಡಾಕ್ಟ್ರು ಈಗ ಕ್ಲಿಪ್ಪಿನ ಸುತ್ತ ಹಚ್ಚಿಕೋ ಅಂತಾರೆ. ಮೆಕೇ ಕಂಡಿದ್ದನಲ್ಲ, ಕಲೆಯ ಹಲ್ಲಿಗೆ ಹುಳುಕು ಕಡಿಮೆ ಅಂತ. ಅದರ ಬಾಲ ಹಿಡಿದು ಹೋಗಿಯೇ ನೀರಿಗೆ ಹದವಾಗಿ ಫ್ಲೋರೈಡ್ ಬೆರೆಸೋದು 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸಿನಲ್ಲಿ ಶುರುವಾಯ್ತು, 1950ರ ದಶಕದಲ್ಲಿ ಪೇಸ್ಟಿಗೂ ಬಂತು. ಪೇಸ್ಟಿನಲ್ಲಿ ಅದು ಒಂದು ಕಿಲೋಗೆ ಸುಮಾರು 1000 ಮಿಲಿಗ್ರಾಂ. ಆದರೆ ಅದನ್ನು ಉಗುಳುತ್ತೇವೆ. ನೀರನ್ನು ನುಂಗುತ್ತೇವೆ, ದಿನಾ, ಹಲ್ಲು ಕಟ್ಟೋ ವಯಸ್ಸಿನಲ್ಲಿ. (ಸಣ್ಣ ಮಕ್ಕಳಿಗೆ ಅಕ್ಕಿಕಾಳಿನಷ್ಟೇ ಪೇಸ್ಟು ಹಾಕಿ ಅನ್ನೋದು ಇದಕ್ಕೇ, ಅವು ನುಂಗಿಬಿಡ್ತಾವೆ.) ಕ್ಲಿಪ್ ಕಿತ್ತು ಬಂದದ್ದಕ್ಕೂ ಅರ್ಧ ಕಾರಣ ಇದೇ ಇರಬಹುದು ಅಂದರು ಡಾಕ್ಟ್ರು. ಫ್ಲೋರೈಡ್ ತುಂಬಿದ ಎನಾಮಲ್ಲಿಗೆ ಆ್ಯಸಿಡ್ ಸರಿಯಾಗಿ ಕಚ್ಚೋದಿಲ್ಲ, ಅಂಟು ಹಿಡಿಯೋದು ಕಷ್ಟ. ಇನ್ನರ್ಧಕ್ಕೆ ನನ್ನ ತಿಕ್ಕಾಟ ಕಾರಣ.

ಈಗ ಮೆತ್ತಗಿನ ಬ್ರಷ್ಷು, ಸಾದಾ ಫ್ಲೋರೈಡ್ ಪೇಸ್ಟು. ಜುಂ ಅನ್ನೋದು ನಿಂತಿದೆ. ಕ್ಲಿಪ್ ತೆಗೆಯೋಕೆ ಇನ್ನೂ ಹತ್ತು ತಿಂಗಳು. ಆಮೇಲೆ ಕಲೆಗೆ ಮೈಕ್ರೋಅಬ್ರೇಶನ್ ಮಾಡೋಣ ಅಂದಿದ್ದಾರೆ, ಅಂದರೆ ದುರ್ಬಲ ಆ್ಯಸಿಡ್ಡೂ ನುಣ್ಣನೆ ಪುಡಿಯೂ ಬೆರೆಸಿ ಮೇಲಿನ ಕೂದಲೆಳೆಯಷ್ಟು ಪದರ ತೆಗೆಯೋದು. 1980ರ ದಶಕದಿಂದ ಬಳಕೆಯಲ್ಲಿದೆ. ಆಯಿಯ ಇಟ್ಟಂಗಿ ಪುಡಿಯೇ, ಆದರೆ ತಜ್ಞರ ಕೈಯಲ್ಲಿ, ಲೆಕ್ಕ ಹಾಕಿ. ಪೂರ್ತಿ ಹೋಗುತ್ತೋ ಇಲ್ಲವೋ ಮಾಡಿದ ಮೇಲೆ ಗೊತ್ತಾಗುತ್ತೆ.

ಇದನ್ನೆಲ್ಲ ಓದಿದ ರಾತ್ರಿ ಹುನಗುಂದದ ಮಾಮಾಗೆ ಫೋನ್ ಮಾಡಿದೆ. ಅವನ ಮೊಮ್ಮಗಳಿಗೆ ಈಗ ಎರಡೂವರೆ ವರ್ಷ. ಅದೇ ಮನೆ.

"ಮಾಮಾ, ಕೂಸು ಯಾವ ನೀರ್ ಕುಡಿತೈತ್ರಿ?"

"ಘಟಕದ್ದಪಾ, ಕ್ಯಾನ್ ತರ್ತೀವಲ್ಲ. ಐದ್ ರೂಪಾಯಿ ಹಾಕಿದ್ರ ಬರತೈತಿ."

"ಅಡಗಿಗೆ? ಚಾಕ್ಕ, ಬ್ಯಾಳಿಗೆ, ಅನ್ನಕ್ಕ?"

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. "ಅದಕ್ಕ ಬೋರಿಂದ ನೋಡು. ಕುದಿಸ್ತೀವಲ್ಲೋ?"

ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತೆ ಅಂತ ಹೇಳಿದೆ. ಒಂದು ಬಾಟಲಿ ಬೋರಿನ ನೀರು ತುಂಬಿ ಬಾಗಲಕೋಟೆಗೆ ಪರೀಕ್ಷೆಗೆ ಕೊಡಿ, ಅಲ್ಲಿಯವರೆಗೆ ಕೂಸಿನ ಅಡಿಗೆಗೂ ಕ್ಯಾನಿನ ನೀರೇ ಹಾಕಿ ಅಂದೆ. ಮಾಮಾ ಎರಡು ಸಲ ಹೂಂ ಅಂದ. ನಾಳಿಂದ ಇನ್ನೊಂದು ಕ್ಯಾನ್ ತರ್ತೀನಿ ಬಿಡು ಅಂದ. ಆಮೇಲೆ ಕೇಳಿದ:

"ಅಲ್ಲೋ, ಮತ್ತ ನಿಮ್ಮ ಆಯಿ ಅಷ್ಟ್ ತಿಕ್ಕಿ ತಿಕ್ಕಿ ಬೈತಿದ್ಲಲ್ಲ ನಿನ್ನ, ಸುಮ್ನ ಬೈದ್ಲೇನು?"